ಏರದ ಇಳಿಯದ ನೀರು

ಮೀನುಗಾರರಿಗೆ ರಜೆ ಸಿಗುವುದು ಮಳೆಗಾಲದಲ್ಲಿ. ಬೋಟುಗಳು ಗಂಗೊಳ್ಳಿಯ ದಕ್ಕೆಯಲ್ಲಿ ಕಟ್ಟಿಬಿದ್ದಿರುವಾಗ ಅವರು ಪ್ರವಾಸ ಹೊರಡುತ್ತಾರೆ, ಲೋಕದ ನೋಡತಕ್ಕ ಸ್ಥಳಗಳನ್ನೆಲ್ಲ ಮಂಜಿನೊಳಗೇ ನೋಡಿ ಬರುತ್ತಾರೆ. ನಾನೂ ನನ್ನ ಗೆಳೆಯನೂ ಬೆಟ್ಟದ ಮೇಲಿನ ಆ ಕೆರೆಯ ಊರಿಗೆ ಹೋದದ್ದು ಹೀಗೆಯೇ. ಊರಿನ ಹೆಸರು ಬರೆಯುವುದಿಲ್ಲ. ನಡುವೆ ಒಂದು ಕೆರೆ, ಸುತ್ತ ಕುದುರೆ ಲದ್ದಿ, ಲದ್ದಿಯ ಪಕ್ಕ ತೊಳೆದ ಕ್ಯಾರೆಟ್ಟಿನ ರಾಶಿ. ಅಂಥ ಊರಿಗೆ ಹೆಸರು ಬೇರೆ ಕೇಡು.

ನಾನು ಹೋದದ್ದು ನೋಡಲಿಕ್ಕೆ. ಅವನು ಹೋದದ್ದು ಅಲ್ಲಿ ಬದುಕಲಿಕ್ಕಾಗುತ್ತದೆಯೇ ಎಂದು ತಿಳಿಯಲಿಕ್ಕೆ. ಹಿಂದಿನ ವರ್ಷ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಅವನ ತಮ್ಮ ನೀರುಪಾಲಾಗಿದ್ದ. ಇವನು ಈಜಿ ದಡ ಸೇರಿದ್ದ. ಆಮೇಲೆ ಇವನು ಕಡಲಿಗೆ ಹೋದಾಗಲೆಲ್ಲ ತಾಯಿ ಚಾಪೆ ಬಿಡಿಸುತ್ತಿರಲಿಲ್ಲ, ಇವನು ಬರುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ನಾವುಂದದ ದೂರದ ಸಂಬಂಧಿಯೊಬ್ಬರು ಆ ಕೆರೆಯ ಪಕ್ಕ ಹೋಟೆಲಿಟ್ಟಿದ್ದರು, ಬಂದು ದುಡ್ಡಿನ ಗಲ್ಲೆಯಲ್ಲಿ ಕೂರು ಎಂದಿದ್ದರು. ನೂಲ ಹುಣ್ಣಿಮೆಗೆ ಸಮುದ್ರಪೂಜೆಯಾಗಿ ಬೋಟುಗಳು ಹೊರಡುವುದರೊಳಗೆ ಅವನು ಹೌದೋ ಅಲ್ಲವೋ ಹೇಳಬೇಕಿತ್ತು.

ಅಲ್ಲ ಎನ್ನುತ್ತಾನೆಂದು ನನಗೆ ಖಾತ್ರಿಯಿತ್ತು.

"ಹ್ವಾಯ್, ಬನ್ನಿ ಬನ್ನಿ! ಕೆರಿ ಕಂಡ್ರ್ಯಾ?" ಎಂದರು ಹೋಟೆಲಿನವರು.

"ಎಲ್ಲಿತ್ತ್ ಕೆರಿ?" ಎಂದೆ.

"ಮಂಜ್ ಹೋರೆ ಕಾಂತಿತ್ತ್."

"ಮಂಜ್ ಯಾವಾಗ ಹೋತ್ತ್?"

"ಅದ್ ನಂಗೂ ಗೊತ್ತಿಲ್ಲೆ ಮಾರಾಯ. ಒಲಿ ಬುಡ ಬಿಟ್ಟ್ ಹೊರಗ್ ಬಂದ್ರಲ್ದಾ ಕಾಂಬುಕೆ?"

ಮರುದಿನ ಬೆಟ್ಟ ಹತ್ತಿದೆವು. ತುದಿಯಲ್ಲೊಂದು ಕಬ್ಬಿಣದ ಕಟಕಟೆ. ಯಾವ ದಿಕ್ಕಿಗೆ ಯಾವ ಶಿಖರ ಎಂದು ಬೋರ್ಡು. ಜನ ಸಾಲಾಗಿ ನಿಂತು ಬಿಳಿ ಗೋಡೆಯಂಥ ಮಂಜಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನೂ ಒಂದು ತೆಗೆದೆ. ಅದರಲ್ಲಿ ಬಿಳುಪು ಬಿಟ್ಟು ಏನೂ ಬಂದಿಲ್ಲ. ಆ ಪ್ರವಾಸದ ಬಗ್ಗೆ ನಾನು ನಂಬುವುದು ಅದೊಂದನ್ನೇ. ಉಳಿದದ್ದಕ್ಕೆಲ್ಲ ನನ್ನ ನೆನಪು ಆಮೇಲೆ ಬಣ್ಣ ಹಚ್ಚಿದೆ.

"ಅಲ್ಲ್ ಕಾಣ್, ಗುಡ್ಡಿ ಇತ್ತಂಬ್ರ್," ಎಂದ ಗೆಳೆಯ, ಬೋರ್ಡು ಓದಿ.

"ಥೂ. ಬೈಂದೂರ್ ಬದಿ ಹೋರೆ ಬಸ್ಸಗೆ ಕೂತಲ್ಲೇ ಕೊಡಚಾದ್ರಿ ಕಾಂತಿತ್ತ್. ಇದ್ಕ್ ಟಿಕೇಟ್ ಬೇರೆ."

ಅವನು ಆಗಲೇ ಇಳಿಯಲು ಶುರುಮಾಡಿದ್ದ.

ಇಳಿಯುವಾಗ ಮಂಜು ಸ್ವಲ್ಪ ಸರಿದು ಕೆರೆ ಕಂಡಿತು. ಕಾಣದಿದ್ದಾಗಲೇ ಚೆನ್ನಾಗಿತ್ತು. ಹಂಸದ ಆಕಾರದ ಪೆಡಲ್ ದೋಣಿಗಳು, ಅವುಗಳ ಕೊಕ್ಕಿನ ಕೆಂಪು ಬಣ್ಣ ಕಿತ್ತುಹೋಗಿತ್ತು. ದೋಣಿಯವನು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಎಸೆದು, ಹಾಕಿಕೊಳ್ಳಲು ಸನ್ನೆ ಮಾಡಿದ. ಅಳಿವೆಯ ತೆರೆಯಿಂದ ಈಜಿ ಬಂದವನಿಗೆ ಈ ಅಂಬಲಿಯಲ್ಲಿ ಜಾಕೆಟ್! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಬಿಸಾಡಾ ಅದನ್. ಎಮ್ಮಿ ಮೀಯ್ಸು ಕೆರಿ ಇದ್."

ಅವನು ಜಾಕೆಟ್ ಹಾಕಿಕೊಂಡ. ಪ್ರತಿ ದಾರವನ್ನೂ ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದ. ಆಮೇಲೆ ದೋಣಿ ಹತ್ತದೆ ದಡದಲ್ಲೇ ಕುಕ್ಕರಗಾಲಲ್ಲಿ ಕೂತು, ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚಿದ. ನನ್ನ ನೆನಪಿನಲ್ಲಿ ಅದು ಕೊಡೆಯ ಕಡ್ಡಿ. ಐಸ್‌ಕ್ರೀಮಿನದು ಎಂದು ಅವನು ಇವತ್ತಿಗೂ ವಾದಿಸುತ್ತಾನೆ. ಯಾವುದೋ ಕಡ್ಡಿ.

ಸಂಜೆ ಹೋಗಿ ನೋಡಿದ. ಬೆಳಿಗ್ಗೆ ಚಳಿಯಲ್ಲಿ ನನ್ನನ್ನೂ ಎಬ್ಬಿಸಿ ಎಳೆದೊಯ್ದ. ನೀರು ಕಡ್ಡಿಯ ಬುಡದಲ್ಲೇ ಇತ್ತು.

"ಏರುದೂ ಇಲ್ಲೆ, ಇಳುದೂ ಇಲ್ಲೆ," ಎಂದ.

"ಸತ್ತ್ ನೀರ್. ಇದ್ರ್ ಬುಡದಗೆ ಹ್ಯಾಂಗ್ ಬದ್ಕತ್ಯಾ?"

"ಅಡ್ಡಿಲ್ಲೆ," ಎಂದ. ಎದ್ದು ಮಣ್ಣು ಕೊಡವಿಕೊಂಡ. "ನೀ ಹೋಗ್. ನಾ ಬತ್ತಿಲ್ಲೆ. ಅಬ್ಬೆ ಹತ್ರ ನೀನೇ ಹೇಳ್."

ಹೋಟೆಲಿಗೆ ಹೋದವನೇ ಅಲ್ಲಿಯವರಂತೆಯೇ ಸ್ವೆಟರಿನ ಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಗಲ್ಲೆಯಲ್ಲಿ ಕೂತ. ಅಲ್ಲಿಗೆ ಬಂದವರೆಲ್ಲ ಇಷ್ಟು ಬೇಗ ಹೀಗೇ ಕಾಣಲು ಶುರುಮಾಡುತ್ತಾರೇನೋ. ನನಗೆ ಅವನ ಮೇಲೂ ಹೇಸಿಗೆ ಹುಟ್ಟಿತು. ಬಸ್ಸಿನಲ್ಲಿ ಕೂತು ಘಾಟಿ ಮುಗಿಯುವವರೆಗೆ ಆ ಊರನ್ನು ಬೈದುಕೊಂಡೆ.

ಗಂಗೊಳ್ಳಿಯಲ್ಲಿ ಅವನ ತಾಯಿ ಹೊಸ್ತಿಲಲ್ಲೇ ಕೂತಿದ್ದರು. ನಾನೊಬ್ಬನೇ ಬಂದದ್ದನ್ನು ಕಂಡೂ, ಮಗ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

"ಅಲ್ಲ್ ನೀರ್ ಹ್ಯಾಂಗಿತ್ತಾ ಮಗಾ?"

"ಅದೆಂತ ನೀರಬ್ಬೆ!" ಎಂದೆ. ನನ್ನ ಸಿಟ್ಟು ಇಳಿದಿರಲಿಲ್ಲ. "ತೆರಿ ಇಲ್ಲೆ, ಅಳಿವಿ ಇಲ್ಲೆ. ಒಂದ್ ಕಡ್ಡಿ ಚುಚ್ರೆ ಅದನ್ನೂ ದಾಟುದಿಲ್ಲೆ. ಎಮ್ಮಿ ಮೀಯ್ಸುಕೂ ಸಾಕಾತಿಲ್ಲೆ. ಅದ್ರ್ ಮೇಲ್ ಹೋಪುಕೂ ಜಾಕೆಟ್ ಕಟ್ಟತ್ರ್!"

"ಕಟ್ಟತ್ರಾ?"

"ಹೂಂ, ಕಟ್ಟತ್ರ್."

"ಮತ್ತೊಂದ್ ಸಲ ಹೇಳ್," ಎಂದರು.

ಮತ್ತೊಮ್ಮೆ ಬೈದೆ, ಇನ್ನಷ್ಟು ಕೆಟ್ಟದಾಗಿ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿಸುವಷ್ಟರಲ್ಲಿ ಗೋಡೆಗೊರಗಿ, ಹಾಡುಹಗಲಲ್ಲಿ, ನಿದ್ದೆ ಹೋಗಿದ್ದರು.