ಫೋನಿಗೆ ಊಟ ಬಡಿಸಿದ ತೀರ್ಪು

ಜಡ್ಜಪ್ಪ ಜಡ್ಜೂ ಅಲ್ಲ, ವಕೀಲನೂ ಅಲ್ಲ. ಅವನು ಹಲ್ಲು ಕಟ್ಟುವವನು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕೂಡಿಸಿ, ಒಂದೊಂದೇ ಹಲ್ಲು ನಿಲ್ಲಿಸಿ ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಆಸ್ಪತ್ರೆಯ ಹಿಂಬದಿಯಲ್ಲಿ ಅವನಿಗೊಂದು ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಯ ತುಂಬ ಬಿಳಿ ಧೂಳು. ಮೇಜಿನ ಮೇಲೆ ಊರವರ ಬಾಯಿಗಳೆಲ್ಲ ಸಾಲಾಗಿ ಕೂತಿರುತ್ತವೆ, ಆದರೆ ಒಂದೂ ಮಾತಾಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇಂಥ ಬಾಯಿಗಳ ಜೊತೆ ಇದ್ದವನಿಗೆ ನಾಲಿಗೆ ತುರಿಸದೆ ಇರುತ್ತದೆಯೇ? ಆ ತುರಿಕೆಯನ್ನು ಅವನು ಫೋನಿನಲ್ಲಿ ತೀರಿಸಿಕೊಳ್ಳುತ್ತಿದ್ದ.

ಫೋನಿನಲ್ಲಿ ಒಂದು ಗುಂಪು ಇತ್ತು. ಹೆಸರು ಹರಟೆ ಕೋರ್ಟು. ಒಬ್ಬರನ್ನೊಬ್ಬರು ಕಣ್ಣಿಂದ ಕಾಣದ ನೂರಾರು ಜನ ಅದರಲ್ಲಿದ್ದರು. ಯಾರಿಗೆ ಏನು ತಕರಾರು ಇದ್ದರೂ ಅಲ್ಲಿ ಕೇಸು ಹಾಕಬಹುದು. ಆದರೆ ‘ನಾನು’, ‘ನನ್ನ’ ಎಂದು ಬರೆಯುವ ಹಾಗಿಲ್ಲ. ‘ಒಬ್ಬ ವ್ಯಕ್ತಿ’ ಎಂದೇ ಶುರುಮಾಡಬೇಕು. ಎರಡೂ ಕಡೆಯವರು ಕಿತ್ತಾಡಿ ಮುಗಿಸಿದ ಮೇಲೆ ಜಡ್ಜಪ್ಪ ತೀರ್ಪು ಕೊಡುತ್ತಿದ್ದ. ತೀರ್ಪು ಬಂದ ಮೇಲೆ ಕೇಸು ಹಾಕಿದವರು ‘ಒಪ್ಪಿದೆ’ ಎಂದು ಬರೆದು, ಶಿಕ್ಷೆಯನ್ನು ಜಾರಿ ಮಾಡಿ, ಅದರ ಫೋಟೋ ಹಾಕಬೇಕು. ನಿಜವಾದ ಕೋರ್ಟಿನ ಆದೇಶಕ್ಕೆ ಕ್ಯಾರೇ ಅನ್ನದ ಜನ ಈ ಹರಟೆ ಕೋರ್ಟಿನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ನಗುವಿಗೋಸ್ಕರ ಮನುಷ್ಯ ಎಷ್ಟು ಬೇಕಾದರೂ ವಿಧೇಯನಾಗುತ್ತಾನೆ ನೋಡಿ.

ಒಮ್ಮೆ ಒಬ್ಬನು ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದ. ಅದರಲ್ಲಿ ಎದುರುಮನೆಯವರು ಒಣಹಾಕಿದ ಬಟ್ಟೆಯೆಲ್ಲ ಕಾಣುತ್ತಿತ್ತು. ಇದು ಖಾಸಗಿತನಕ್ಕೆ ಧಕ್ಕೆಯೋ ಅಲ್ಲವೋ ಎಂದು ಗುಂಪಿನಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಜಡ್ಜಪ್ಪನ ತೀರ್ಪು ಹೀಗಿತ್ತು: ‘ನೋಡಿದವನೇ ಇಸ್ತ್ರಿ ಹಾಕಿಕೊಡತಕ್ಕದ್ದು.’ ಮಾರನೆಯ ದಿನ ಆ ಮನುಷ್ಯ ಎದುರುಮನೆಯ ಅಂಗಿಗೆ ಇಸ್ತ್ರಿ ಹಾಕುತ್ತಿರುವ ಫೋಟೋ ಬಂತು. ಇನ್ನೊಬ್ಬನು ರಾಜೀನಾಮೆ ಪತ್ರವನ್ನು ಎಐ ಯಂತ್ರದ ಕೈಲಿ ಬರೆಸಿದ್ದ, ಮೇಲಧಿಕಾರಿಯೂ ಅದಕ್ಕೆ ಉತ್ತರವನ್ನು ಯಂತ್ರದ ಕೈಲೇ ಬರೆಸಿದ್ದ. ಹಾಗಾದರೆ ಕೆಲಸ ಬಿಟ್ಟವರು ಯಾರು? ‘ಯಂತ್ರಗಳೆರಡೂ ಮನೆಗೆ ಹೋಗಲಿ, ಮನುಷ್ಯರಿಬ್ಬರೂ ಕೂತು ಟೀ ಕುಡಿಯಲಿ’ ಎಂದ ಜಡ್ಜಪ್ಪ. ಅವರು ಕುಡಿದರು, ಫೋಟೋ ಬಂತು, ಕೆಲಸವೂ ಉಳಿಯಿತು. ಹೀಗೆ ಹೆಸರು ಬಂದವನ ತಲೆ ನೆಟ್ಟಗೆ ನಿಲ್ಲುವುದು ಕಷ್ಟ.

ಮನೆಯಲ್ಲಿ ಮಾತ್ರ ಅವನದು ಹೂಂ, ಉಹೂಂ ಅಷ್ಟೇ. ಅವನ ಹೆಂಡತಿ ಒಂದು ದಿನ ಅನ್ನ ಬಡಿಸುತ್ತ ಕೇಳಿದಳು: “ನೀವು ಮಾತಾಡೋದು ಕೇಳ್ಬೇಕು ಅಂದ್ರೆ ನಾನೂ ಆ ಗುಂಪಿಗೆ ಸೇರ್ಬೇಕಾ?” ಒಳ್ಳೆಯ ಪ್ರಶ್ನೆ. ಅವನು ಅದನ್ನು ಆ ಸಂಜೆಯೇ ಗುಂಪಿನಲ್ಲಿ ಹಾಕಿ ಎಲ್ಲರನ್ನೂ ನಗಿಸಿದ.

ಈಗ ಬ್ರೆಡ್ಡಿನ ವಿಷಯ ಹೇಳಬೇಕು. ಬ್ರೆಡ್ಡು ಎಂದರೆ ಜಡ್ಜಪ್ಪನ ಚಡ್ಡಿ ದೋಸ್ತ್. ಬೇಕರಿಯ ವ್ಯಾನು ಓಡಿಸಿಕೊಂಡು ಅಂಗಡಿ ಅಂಗಡಿಗೆ ಬ್ರೆಡ್ಡು ಇಳಿಸಿ ಇಳಿಸಿ ಆ ಹೆಸರೇ ಅಂಟಿತ್ತು. ಊರಿನ ಗಲ್ಲಿಗಳೆಲ್ಲ ಅವನಿಗೆ ಅಂಗೈ ರೇಖೆ. ಮಾತು ಕಡಿಮೆ. ಸಂಜೆ ಇಬ್ಬರೂ ಆಸ್ಪತ್ರೆಯ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಜಡ್ಜಪ್ಪ ಮಾತಾಡುತ್ತಿದ್ದ, ಬ್ರೆಡ್ಡು ನಗುತ್ತಿದ್ದ. ಆ ಗೆಳೆತನ ನಡೆದದ್ದೇ ಹಾಗೆ, ಇಬ್ಬರಿಗೂ ಅದರಲ್ಲಿ ಸುಖವಿತ್ತು. ಕಳೆದ ವರ್ಷ ಬ್ರೆಡ್ಡು ಇದ್ದಕ್ಕಿದ್ದಂತೆ ವ್ಯಾನಿನ ಕೀಲಿ ಮಾಲೀಕನ ಕೈಗೆ ಕೊಟ್ಟು ಕೆಲಸ ಬಿಟ್ಟ. ಯಾಕೋ ಎಂದರೆ, “ಮಂಡಿ ನೋವು ಕಣೋ” ಎಂದ. “ಬ್ರೇಕ್ ಒತ್ತೋ ಮಂಡಿನಾ, ಆಕ್ಸಿಲರೇಟರ್ ಒತ್ತೋ ಮಂಡಿನಾ?” ಎಂದು ಜಡ್ಜಪ್ಪ ತಮಾಷೆ ಮಾಡಿದ. ಬ್ರೆಡ್ಡು ನಕ್ಕ. ಆ ನಗು ಸ್ವಲ್ಪ ತಡವಾಗಿ ಬಂತು. ಜಡ್ಜಪ್ಪ ಅದನ್ನು ಗಮನಿಸಿದ್ದ, ಆದರೆ ಕೇಳಲಿಲ್ಲ.

ಗೆಳೆಯನ ತೀರ್ಪುಗಳನ್ನು ಓದಲೆಂದೇ ಬ್ರೆಡ್ಡು ಹರಟೆ ಕೋರ್ಟಿಗೆ ಸೇರಿದ್ದ. ಯಾವತ್ತೂ ಒಂದಕ್ಷರ ಬರೆದವನಲ್ಲ. ಅಂಥವನು ಒಂದು ಮಧ್ಯಾಹ್ನ ಕೇಸು ಹಾಕಿದ:

‘ಒಬ್ಬ ವ್ಯಕ್ತಿ. ಅವನ ಹೆಂಡತಿ ಅವನ ಫೋನಿನಲ್ಲಿ ಅವನು ಎಲ್ಲಿದ್ದಾನೆ ಅಂತ ಯಾವಾಗಲೂ ತನಗೆ ಕಾಣುವ ಹಾಗೆ ಮಾಡಿಸಿದ್ದಾಳೆ. ಪಾಪ, ಅವಳದೂ ತಪ್ಪಿಲ್ಲ. ಆದರೆ ಇವನಿಗೆ ಕೊರಳಿಗೆ ಗಂಟೆ ಕಟ್ಟಿದ ಹಾಗೆ ಆಗಿದೆ. ಅವನು ಏನು ಮಾಡಬೇಕು?’

ಜಡ್ಜಪ್ಪ ಮೇಣ ಕೆತ್ತುತ್ತಿದ್ದವನು ಕತ್ತಿ ಕೆಳಗಿಟ್ಟ. ಅವನಿಗೆ ಖುಷಿಯೋ ಖುಷಿ. ಮೂಗನೂ ಬಾಯಿಬಿಟ್ಟನಲ್ಲ! ಇದನ್ನು ರಂಗೇರಿಸಬೇಕು ಎಂದುಕೊಂಡ. ಬರೆದವನು ಬ್ರೆಡ್ಡು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದುರಿಗೆ ಬೆಂಚಿನ ಮೇಲೆ ಕೂತು ಕೇಳಬಹುದಾಗಿದ್ದನ್ನು ಇವನು ಇಲ್ಲಿ ಯಾಕೆ ಕೇಳುತ್ತಿದ್ದಾನೆ ಎಂಬುದೊಂದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಗುಂಪಿಗೆ ಹಬ್ಬವಾಯಿತು. ನಿವೃತ್ತ ಗುಮಾಸ್ತನೊಬ್ಬ, ಒಪ್ಪಿಗೆಯಿಲ್ಲದೆ ಹೀಗೆ ಹಿಂಬಾಲಿಸುವುದು ಅಪರಾಧ, ಗಂಡಹೆಂಡಿರ ನಡುವೆಯಾದರೂ ಅಷ್ಟೇ ಎಂದು ಉದ್ದಕ್ಕೆ ಬರೆದ. ಫೋನು ರಿಪೇರಿಯವನೊಬ್ಬ ಅದನ್ನು ಆಫ್ ಮಾಡುವ ದಾರಿ ಹೇಳಿಕೊಟ್ಟ. ಉಳಿದವರು, ಆ ವ್ಯಕ್ತಿ ಅಂಥದ್ದೇನು ಮಾಡಿದ್ದಾನೆ, ಯಾರ ಮನೆಗೆ ಹೋಗುತ್ತಿದ್ದಾನೆ ಎಂದು ಕಾಲೆಳೆದರು. ನಡುವೆ ಒಬ್ಬ ಹೆಂಗಸು ಮಾತ್ರ, ನರ್ಸ್ ಅಂತೆ, ಹೀಗೆ ಬರೆದಳು: ‘ಆ ವ್ಯಕ್ತಿ ಆರೋಗ್ಯವಾಗಿದ್ದಾರಾ? ಹೆಂಡತಿ ಯಾಕೆ ಹಾಗೆ ಮಾಡಿಸಿದರು?’

ಅಷ್ಟು ಜನರಲ್ಲಿ ಕೇಳಬೇಕಾದ್ದನ್ನು ಕೇಳಿದವಳು ಅವಳೊಬ್ಬಳೇ. ಬ್ರೆಡ್ಡು ಅವಳಿಗೆ ಏನೋ ಉತ್ತರ ಬರೆಯುತ್ತಿದ್ದ. ‘ಬರೆಯುತ್ತಿದ್ದಾರೆ’ ಎಂದು ಪರದೆಯ ಮೇಲೆ ಕಾಣುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಾಣುತ್ತಿತ್ತು. ಅಷ್ಟರಲ್ಲಿ ಜಡ್ಜಪ್ಪ ನಡುವೆ ಬಾಯಿ ಹಾಕಿದ: ‘ಸಿಸ್ಟರ್, ಇದು ಕೋರ್ಟು. ಇಲ್ಲಿ ಸಾಕ್ಷಿ ಕೇಳಬೇಕು, ಕ್ಷೇಮ ಸಮಾಚಾರ ಅಲ್ಲ.’ ನಗುವ ಮುಖಗಳು ಸುರಿದವು. ಬ್ರೆಡ್ಡು ಬರೆಯುವುದನ್ನು ನಿಲ್ಲಿಸಿದ.

ಆಮೇಲೆ ತೀರ್ಪು ಬಂತು. ‘ಹೆಂಡತಿಗೆ ಬೇಕಾದದ್ದು ಫೋನು ಎಲ್ಲಿದೆ ಅನ್ನುವುದು ತಾನೇ? ಹಾಗಾದರೆ ನಾಳೆ ಒಂದು ದಿನ ಫೋನನ್ನೇ ಗಂಡನ ಕುರ್ಚಿಯಲ್ಲಿ ಕೂರಿಸಿ, ತಟ್ಟೆ ಇಟ್ಟು ಊಟ ಬಡಿಸತಕ್ಕದ್ದು. ಆ ವ್ಯಕ್ತಿ ಬೆಳಗಿನಿಂದ ಸಂಜೆಯವರೆಗೆ ಸ್ವತಂತ್ರ. ಎಲ್ಲಿ ಬೇಕಾದರೂ ತಿರುಗಾಡಲಿ, ಕೋರ್ಟಿನ ಅಪ್ಪಣೆ ಇದೆ.’

ಆ ವರ್ಷದ ಒಳ್ಳೆಯ ತೀರ್ಪು ಅದೇ ಎಂದು ಎಲ್ಲರೂ ಹೊಗಳಿದರು. ಮಾರನೆಯ ದಿನ ಬೆಳಿಗ್ಗೆ ಫೋಟೋ ಬಂತು. ಊಟದ ಮೇಜಿನ ಕುರ್ಚಿ, ಕುರ್ಚಿಯ ಮೇಲೆ ದಿಂಬಿಗೆ ಒರಗಿಸಿದ ಫೋನು, ಎದುರಿಗೆ ತಟ್ಟೆ, ತಟ್ಟೆಯಲ್ಲಿ ಅನ್ನ. ಬ್ರೆಡ್ಡು ಅದನ್ನು ತನ್ನ ಮಗಳ ಹಳೆಯ ಟ್ಯಾಬ್‌ನಿಂದ ತೆಗೆದು ಕಳಿಸಿದ್ದ. ಕೆಳಗೆ ‘ಒಪ್ಪಿದೆ’ ಎಂದಿತ್ತು. ಜಡ್ಜಪ್ಪ ಧೂಳು ಹಿಡಿದ ಕೋಣೆಯಲ್ಲಿ ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಷ್ಟು ಪ್ರೀತಿ ಬಂತು ಗೆಳೆಯನ ಮೇಲೆ.

ಸಂಜೆ ಬೆಂಚಿಗೆ ಬ್ರೆಡ್ಡು ಬರಲಿಲ್ಲ. ಬದಲಿಗೆ ಅವನ ಹೆಂಡತಿಯ ಫೋನು ಬಂತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುವವಳು, ಜಡ್ಜಪ್ಪನನ್ನು ಅಣ್ಣ ಎಂದೇ ಕರೆಯುವವಳು.

“ಅಣ್ಣಾ, ಇವ್ರು ನಿಮ್ಮ ಹತ್ರ ಬಂದಿದಾರಾ?”

“ಯಾಕಮ್ಮ ತಂಗಿ, ಮನೇಲೇ ಊಟ ಮಾಡ್ತಾ ಕೂತಿದಾನಲ್ಲ! ಕುರ್ಚಿ ಮೇಲೆ ನೋಡು” ಎಂದ ಜಡ್ಜಪ್ಪ.

“ಅದು ನಿಮಗೆ ಹೇಗೆ ಗೊತ್ತು?” ಎಂದಳು. “ದಿನವೆಲ್ಲ ಫೋನಲ್ಲಿ ನೋಡ್ತಾನೇ ಇದ್ದೆ ಅಣ್ಣ, ಮನೇಲೇ ಇದಾರೆ ಅಂತ ತೋರಿಸ್ತಿತ್ತು. ಈಗ ಬಂದು ನೋಡಿದ್ರೆ ಫೋನ್ ಇದೆ, ಇವ್ರಿಲ್ಲ.”

“ಎಲ್ಲೋ ಸುತ್ತಾಡೋಕೆ ಹೋಗಿರ್ತಾನೆ ಬಿಡಮ್ಮ. ಅವನಿಗೆ ಗೊತ್ತಿಲ್ದಿರೋ ಗಲ್ಲಿ ಯಾವುದಿದೆ?”

“ಅಯ್ಯೋ, ನಿಮಗೆ ಹೇಳ್ಲೇ ಇಲ್ವಾ ಅವ್ರು? ದಾರಿ ಮರೀತಾರೆ ಅಣ್ಣ. ಅದಕ್ಕೇ ವ್ಯಾನು ಬಿಟ್ಟಿದ್ದು. ಸಂತೆಗೆ ಹೋದೋರು ಮನೆಗೆ ಬರೋಕಾಗ್ದೆ ಎರಡು ಸಲ ಯಾರೋ ಕರ್ಕೊಂಡು ಬಂದು ಬಿಟ್ರು. ಡಾಕ್ಟ್ರೇ ಹೇಳಿದ್ರು, ಫೋನಲ್ಲಿ ಇದನ್ನ ಹಾಕ್ಸಿ ಅಂತ. ‘ಜಡ್ಜಪ್ಪನಿಗೆ ಮಾತ್ರ ನಾನೇ ಹೇಳ್ತೀನಿ, ನೀನು ಹೇಳ್ಬೇಡ’ ಅಂತ ಇವ್ರೇ ಅಂದಿದ್ರು. ಹೇಳ್ಲಿಲ್ವಾ?”

ಹೇಳಿದ್ದ. ತನಗೆ ಸಾಧ್ಯವಾದ ಒಂದೇ ರೀತಿಯಲ್ಲಿ, ‘ಒಬ್ಬ ವ್ಯಕ್ತಿ’ ಎಂದು ಬರೆದು, ಹೇಳಿದ್ದ. ಬೆಂಚಿನ ಮೇಲೆ ಬಾಯಿಬಿಟ್ಟರೆ ಗೆಳೆಯ ಮೊದಲ ಮಾತಿಗೇ ನಗೆ ಹಾರಿಸುತ್ತಾನೆ. ಕೋರ್ಟಿನಲ್ಲಾದರೆ ಕೊನೆಯವರೆಗೂ ಓದಲೇಬೇಕಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಕಲಿತದ್ದು ಜಡ್ಜಪ್ಪನಿಗೆ ಆಗ ಅರ್ಥವಾಯಿತು.

ಪೊಲೀಸರಿಗೆ ತಿಳಿಸಿ, ಗೆಳೆಯನ ಫೋಟೋ ಹಾಕಿ ಹರಟೆ ಕೋರ್ಟಿನಲ್ಲೂ ಬರೆದ: ‘ಇವನು ಬೆಳಿಗ್ಗೆಯಿಂದ ಕಾಣೆಯಾಗಿದ್ದಾನೆ. ದಾರಿ ಮರೆಯುತ್ತಾನೆ. ದಯವಿಟ್ಟು ಹುಡುಕಿ.’ ಅದಕ್ಕೂ ನಗುವ ಮುಖಗಳೇ ಬಂದವು. ‘ಜಡ್ಜಪ್ಪ, ಹೊಸ ಕೇಸಾ?’ ‘ಫೋನು ಉಂಡು ಮಲಗಿತಾ?’ ಇದು ತಮಾಷೆಯಲ್ಲ ಎಂದು ಬರೆದರೆ ಇನ್ನೂ ಜೋರಾಗಿ ನಕ್ಕರು. ತೋಳ ಬಂತು ತೋಳ ಎಂದು ದಿನಾ ಕೂಗಿದವನ ಪಾಡು ಅದು. ಮೊದಲು ನಂಬಿದವಳು ಆ ನರ್ಸೇ. ‘ಯಾವ ಬಣ್ಣದ ಅಂಗಿ ಹಾಕಿದ್ದಾರೆ?’ ಎಂದು ಕೇಳಿದಳು. ಜಡ್ಜಪ್ಪನಿಗೆ ಅದೂ ಗೊತ್ತಿರಲಿಲ್ಲ. ಅವಳು ಮಾತ್ರ ತನಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದಳು. ಅವಳನ್ನು ನೋಡಿ ಮಿಕ್ಕವರೂ ಹುಡುಕಲು ಹೊರಟರು. ಆದರೆ ಅಷ್ಟರಲ್ಲಿ ಕತ್ತಲಾಗಿತ್ತು, ಮಳೆ ಹನಿಯುತ್ತಿತ್ತು.

ಬ್ರೆಡ್ಡು ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಊರಿನ ಆ ತುದಿಯಲ್ಲಿ, ಹಿಂದೆ ಅವನು ಬ್ರೆಡ್ಡು ಇಳಿಸುತ್ತಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ. ಅಂಗಡಿಯವನು ಬಾಗಿಲು ತೆಗೆಯಲು ಬಂದಾಗ ತೊಯ್ದು ತೊಪ್ಪೆಯಾಗಿ ಕೂತಿದ್ದ. ಗುರುತು ಹಿಡಿದು ಮಾತಾಡಿಸಿದರೆ, “ವ್ಯಾನು ಎಲ್ಲಿ ನಿಲ್ಲಿಸ್ದೆ ಅಂತ ನೆನಪಾಗ್ತಿಲ್ಲ” ಎಂದನಂತೆ.

ಜ್ವರ ಎದೆಗಿಳಿಯಿತು. ಬಹಳ ದಿನ ಆಸ್ಪತ್ರೆಯಲ್ಲಿದ್ದ. ಜೀವಕ್ಕೇನೂ ಆಗಲಿಲ್ಲ, ಆದರೆ ಹೋದ ಬ್ರೆಡ್ಡು ಪೂರ್ತಿಯಾಗಿ ಮನೆಗೆ ಬರಲಿಲ್ಲ. ದಾರಿಯ ಜೊತೆಗೆ ಮುಖಗಳೂ ಮರೆಯತೊಡಗಿದವು. ಇದು ಹೇಗೂ ಬರುವುದೇ ಇತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಬರುವುದಿತ್ತು, ನಿಜ. ಆದರೆ ಒಂದೆರಡು ವರ್ಷ ತಡವಾಗಿ ಬರಬಹುದಿತ್ತಲ್ಲ! ಆ ವರ್ಷಗಳ ಸಂಜೆಗಳನ್ನು ಜಡ್ಜಪ್ಪ ಒಂದು ನಗೆಗೆ ಮಾರಿಕೊಂಡಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅವನು ಬ್ರೆಡ್ಡಿನ ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೆಳೆಯನ ಹೆಂಡತಿಗೆ ಎಲ್ಲವನ್ನೂ ಹೇಳಿದ. ಬೈಯಲಿ ಎಂದೇ ಹೋಗಿದ್ದ. ಅವಳು ಬೈಯಲಿಲ್ಲ. ಪಾತ್ರೆ ಒರೆಸುತ್ತ ಇಷ್ಟೇ ಅಂದಳು: “ಕಾನೂನು ಕೇಳ್ಬೇಕು ಅಂತಿದ್ರೆ ವಕೀಲರ ಹತ್ರ ಹೋಗ್ತಿದ್ರು ಅಣ್ಣ. ಅವ್ರು ಬಂದಿದ್ದು ನಿಮ್ಮ ಹತ್ರ. ನೀವು ಹೇಳಿದ್ರೆ ಸರಿಯಾಗೇ ಇರುತ್ತೆ ಅಂತ ಅವ್ರಿಗೆ ನಂಬಿಕೆ.”

ಹರಟೆ ಕೋರ್ಟಿನಲ್ಲಿ ಈಗ ಬೇರೆ ಯಾರೋ ತೀರ್ಪು ಕೊಡುತ್ತಾರೆ. ಜಡ್ಜಪ್ಪ ಅತ್ತ ತಲೆಹಾಕುವುದಿಲ್ಲ. ಸಂಜೆ ಕೈಯ ಮೇಣ ತೊಳೆದುಕೊಂಡು ಸೀದಾ ಬ್ರೆಡ್ಡಿನ ಮನೆಗೆ ಹೋಗಿ ಅವನನ್ನು ತಿರುಗಾಡಿಸಿಕೊಂಡು ಬರುತ್ತಾನೆ. ಕೆಲವು ದಿನ ಬ್ರೆಡ್ಡು, “ಏನೋ, ಇಷ್ಟು ಲೇಟು?” ಎನ್ನುತ್ತಾನೆ. ಅಂಥ ದಿನ ಜಡ್ಜಪ್ಪ ಮನೆಗೆ ಬಂದು ಹೆಂಡತಿಗೆ ಅದನ್ನು ಎರಡೆರಡು ಸಲ ಹೇಳುತ್ತಾನೆ.

ಮೊನ್ನೆ ಒಂದು ಸಂಜೆ ಇಬ್ಬರೂ ಹಾಗೇ ನಡೆಯುತ್ತಿದ್ದರು. ಬ್ರೆಡ್ಡು ಗೆಲುವಾಗಿದ್ದ, ಒಂದು ಲಾರಿಯನ್ನು ನೋಡಿ ಏನೋ ಅಂದು ನಕ್ಕಿದ್ದ. ಆ ಸಂತೋಷದಲ್ಲಿ ಜಡ್ಜಪ್ಪನಿಗೆ ಹಳೆಯದೆಲ್ಲ ಮರೆತುಹೋಯಿತು. ರಸ್ತೆ ಕವಲಾಗುವ ಕಡೆ ಬ್ರೆಡ್ಡು ನಿಂತು, “ಮನೆ ಯಾವ ಕಡೆ?” ಎಂದು ಕೇಳಿದ.

“ಲೋ, ಪುಕ್ಕಟೆ ದಾರಿ ತೋರ್ಸೋಕೆ ನಾನೇನು ಕೈಮರಾನಾ? ಟೀ ಕೊಡ್ಸು, ಹೇಳ್ತೀನಿ.”

ಬ್ರೆಡ್ಡು ತಿರುಗಿ ಅವನ ಮುಖ ನೋಡಿದ. ನೋಡುತ್ತ ನೋಡುತ್ತ ಹೆದರಿದ. ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಜೋಡಿಸಿದ.

“ತಮಾಷೆ ಮಾಡ್ಬೇಡಿ ಸರ್” ಎಂದ. “ನನಗೆ ನಿಜವಾಗ್ಲೂ ದಾರಿ ಗೊತ್ತಾಗ್ತಿಲ್ಲ.”

ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವನು, ಲೋ ಎಂದಲ್ಲದೆ ಕರೆದೇ ಗೊತ್ತಿಲ್ಲದವನು, ಸರ್ ಎಂದಿದ್ದ. ಜೋಡಿಸಿದ ಆ ಕೈಗಳನ್ನು ಜಡ್ಜಪ್ಪ ಮೆಲ್ಲನೆ ಬಿಡಿಸಿದ.

“ಎಡಗಡೆ ಸರ್” ಎಂದ. “ಬನ್ನಿ, ನಾನೂ ಆ ಕಡೆಗೇ ಹೋಗ್ಬೇಕು.”