ಖಡ್ಗದಂತಾಸುರ ಬೆಂಗಳೂರಿಗೆ ಹೋದದ್ದು

ಸಗರದ ಕುರಿಗಾರ ಭಗವಂತರಾಯನ ಮಗಳು ನಂದಿನಿಗೆ ಆ ದನಿ ಎಲ್ಲಿಂದ ಬಂತು ಎಂಬುದರ ಬಗ್ಗೆ ಊರಿನಲ್ಲಿ ಒಮ್ಮತವಿರಲಿಲ್ಲ. ಹಳ್ಳದಾಚೆ ಚದುರಿದ ಕುರಿಗಳನ್ನು ಈ ದಂಡೆಯಿಂದಲೇ ಕೂಗಿ ಕರೆದು ಕರೆದು ಬಂದದ್ದು ಎಂದು ಅಪ್ಪ ಹೇಳುತ್ತಿದ್ದ. ಅಜ್ಜಿ ಅಯ್ಯಮ್ಮ ಅದನ್ನು ಒಪ್ಪುತ್ತಿರಲಿಲ್ಲ.

"ಹುಟ್ಟಿದ ದಿನಾನೇ ಅಕಿ ಅಳೂದು ಕೇಳಿ, ಗಂಡು ಹುಟ್ಯದ ಅಂತ ಓಣಿ ತುಂಬ ಸಕ್ರಿ ಹಂಚಿಬಿಟ್ವಿ. ಒಳಗ ಹೋಗಿ ನೋಡಿದ್ರ ಹೆಣ್ಣು. ಹಂಚಿದ ಸಕ್ರಿ ವಾಪಸ್ ಕೇಳಾಕ ಬರತದೇನು?"

ಎದುರಿಗೆ ನಿಂತರೆ ತೆಳ್ಳನೆಯ ಹುಡುಗಿ. ಶಹಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಆಕೆ ತನ್ನ ತರಗತಿಯಲ್ಲಿ 'ಹಾಜರ್' ಎಂದರೆ ಪಕ್ಕದ ಕೋಣೆಯ ಮೇಷ್ಟ್ರು ತಮ್ಮ ಹಾಜರಿ ಪುಸ್ತಕದಿಂದ ತಲೆ ಎತ್ತುತ್ತಿದ್ದರು. ಹಾಗಂತ ಆಕೆ ಮಾತಿನವಳೇನಲ್ಲ. ದನಿಗೆ ಹೆದರಿ ಮಾತು ಕಡಿಮೆ ಮಾಡಿಕೊಂಡಿದ್ದಳು.

ಆ ದನಿಗೆ ಕೆಲಸ ಸಿಕ್ಕಿದ್ದು ಒಂದು ಟಗರಿನಿಂದ. ಭಗವಂತರಾಯನ ತಮ್ಮ ಪರಶುರಾಮ ಊರಿನ ಬಯಲಾಟದ ಮೇಳ ನಡೆಸುತ್ತಿದ್ದ. ಆಟ ಕಟ್ಟುವವನೂ ಅವನೇ, ಕಲಿಸುವವನೂ ಅವನೇ, ಅದರೊಳಗಿನ ಖಡ್ಗದಂತಾಸುರನೂ ಅವನೇ. ಒಂದು ವರ್ಷ ಆಟದ ದಿನವೇ ಮನೆಯ ಟಗರು ಹಿಂದಿನಿಂದ ಬಂದು ಅವನ ಸೊಂಟಕ್ಕೆ ಗುದ್ದಿತು. ಮೂರು ಲೋಕ ಗೆಲ್ಲಬೇಕಾದ ರಾಕ್ಷಸ ಕೊಟ್ಟಿಗೆಯಲ್ಲಿ ಬೋರಲು ಮಲಗಿ, "ಯವ್ವಾ, ಸತ್ತೆ" ಎನ್ನುತ್ತಿದ್ದ. ಹೊರಗೆ ಜನ ಚಾಪೆ ಹಾಸಿ ಕೂತಾಗಿತ್ತು. ನಂದಿನಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಕಾಕಾ, ನನಗ ಮಾತು ಎಲ್ಲಾ ಬರತಾವು. ನಾ ಮಾಡ್ಲೇನು?" ಎಂದಳು.

ತಾಲೀಮು ನಡೆಯುತ್ತಿದ್ದುದು ಅವರ ಮನೆಯ ಅಂಗಳದಲ್ಲೇ. ಆ ಮನೆಯಲ್ಲಿ ಮಾತು ಬಾರದಿದ್ದುದು ಕುರಿಗಳಿಗೆ ಮಾತ್ರ.

ಅಂದು ಮೀಸೆ ಅಂಟಿಸಿಕೊಂಡು ರಂಗಕ್ಕೆ ಬಂದ ನಂದಿನಿ ಮೊದಲ ಸಲ ಅಬ್ಬರಿಸಿದಾಗ ಮುಂದಿನ ಸಾಲಿನ ಮಕ್ಕಳೆಲ್ಲ ಎದ್ದು ಹಿಂದಿನ ಸಾಲಿನ ತಾಯಂದಿರ ಮಡಿಲು ಸೇರಿದರು. ಪರಶುರಾಮನ ಸೊಂಟ ವಾಸಿಯಾಯಿತು, ಪಾತ್ರ ಮಾತ್ರ ವಾಪಸ್ ಸಿಗಲಿಲ್ಲ. ಅವನು ಸಾರಥಿಯಾದ. ಬಯಲಾಟದಲ್ಲಿ ಸಾರಥಿ ಎಂದರೆ ರಂಗಕ್ಕೆ ಬಂದ ಪಾತ್ರವನ್ನು ಯಾರು, ಎಲ್ಲಿಂದ ಬಂದೆ ಎಂದು ಕೇಳುವವನು. ಅವನು ಕೇಳಬೇಕು, ಪಾತ್ರ ಹೇಳಬೇಕು. ಕೇಳದೆ ಯಾವ ಪಾತ್ರವೂ ಬಾಯಿ ತೆರೆಯುವಂತಿಲ್ಲ, ರಾಕ್ಷಸನಾದರೂ ಅಷ್ಟೇ.

ಅಯ್ಯಮ್ಮನಿಗೆ ಇದ್ಯಾವುದೂ ಹಿಡಿಸಲಿಲ್ಲ. "ಮೀಸಿ ಹಚಗೊಂಡು ಕುಣಿಯೋ ಹುಡುಗೀನ ಯಾರು ಮಾಡಿಕೊಂತಾರ?" ಎಂದು ಮುಖ ತಿರುವಿದವಳು ಮೊಮ್ಮಗಳ ಒಂದು ಆಟಕ್ಕೂ ಹೋಗಿ ಕೂಡಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಮಲಗಿದ್ದರೂ ಪ್ರತಿ ಅಕ್ಷರ ಕೇಳುತ್ತಿತ್ತು.

ಸುರಪುರದಲ್ಲಿ ನಡೆದ ಒಂದು ಆಟವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟರು. ಕೆಲವು ತಿಂಗಳ ಮೇಲೆ ಬೆಂಗಳೂರಿನ ಒಂದು ಸಾಂಸ್ಕೃತಿಕ ಸಂಘದಿಂದ ಮಹೇಶಕುಮಾರ ಎಂಬವರು ಫೋನ್ ಮಾಡಿದರು. ಯುವ ಕಲಾವಿದರಿಗೆ ಕೊಡುವ ಪ್ರಶಸ್ತಿಗೆ ನಂದಿನಿಯನ್ನು ಆರಿಸಿದ್ದೇವೆ, ಜೊತೆಗೆ ಒಬ್ಬರು ಬರಬಹುದು ಎಂದರು. ಕೊನೆಗೆ, "ದಯವಿಟ್ಟು ನಿಮ್ಮ ಸಾಂಪ್ರದಾಯಿಕ ಉಡುಪಿನಲ್ಲೇ ಬನ್ನಿ ಅಮ್ಮ. ಫೋಟೋಗೆ ಚೆನ್ನಾಗಿರುತ್ತೆ" ಎಂದೂ ಸೇರಿಸಿದರು.

ಫೋನಿಟ್ಟ ಮೇಲೆ ಮನೆಮಂದಿ ಆ ಮಾತನ್ನು ಚರ್ಚಿಸಿದರು. ಅಯ್ಯಮ್ಮ ತನ್ನ ಇಳಕಲ್ ಸೀರೆ ತೆಗೆಯಲು ಎದ್ದಳು. ಪರಶುರಾಮ ತಡೆದ. "ಸೀರಿ ಯಾರರ ಉಡತಾರ. ನಮ್ಮ ಸಂಪ್ರದಾಯ ಅಂದ್ರ ಕಿರೀಟ, ಭುಜಕೀರ್ತಿ. ಅದನ್ನ ನೋಡಾಕ ಅಲ್ಲೇನು ಅವರು ಕರೆದಿದ್ದು?"

ಮಾತು ಎಲ್ಲರಿಗೂ ಸರಿಯೆನಿಸಿತು. ಜೊತೆಗೆ ಯಾರು ಹೋಗಬೇಕೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಕುರಿಗಳು ಮರಿ ಹಾಕುವ ಕಾಲವಾದ್ದರಿಂದ ಭಗವಂತರಾಯ ಬರುವಂತಿರಲಿಲ್ಲ. ಸಾರಥಿಯಿಲ್ಲದೆ ರಾಕ್ಷಸ ಹೋಗಬಾರದು ಎಂದು ಪರಶುರಾಮ ಹೊರಟ. ಹೆಣ್ಣುಮಗಳ ಜೊತೆ ಹೆಣ್ಣುಮಗಳಿರಬೇಕು ಎಂದು ಅಯ್ಯಮ್ಮನೂ ಹೊರಟಳು. ಯಾದಗಿರಿಯಲ್ಲಿ ರೈಲು ಹತ್ತುವಾಗ ಮೂವರ ಜೊತೆ ಒಂದು ಟ್ರಂಕು, ಖಟಿ ರೊಟ್ಟಿಯ ಗಂಟು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ ಇದ್ದವು. ಟ್ರಂಕಿನಲ್ಲಿ ಹಿಡಿಸದ ಕಿರೀಟ ನಂದಿನಿಯ ತೊಡೆಯ ಮೇಲಿತ್ತು.

ಬೆಂಗಳೂರಿನಲ್ಲಿ ಇಳಿಸಿದ್ದ ಕೋಣೆಯಲ್ಲೇ ಬಣ್ಣ ಹಚ್ಚಿದರು. ಸಭಾಂಗಣಕ್ಕೆ ಹೋಗಲು ಆಟೋ ಹತ್ತಿದಾಗ ಕಿರೀಟ ಮೇಲಿನ ಬಟ್ಟೆಗೆ ತಾಗಿತು. ಕಟ್ಟಿದ್ದನ್ನು ಬಿಚ್ಚಿದರೆ ಮತ್ತೆ ಕಟ್ಟಲು ಹೊತ್ತು ಬೇಕು. ಹೀಗಾಗಿ ನಂದಿನಿ ತಲೆಯನ್ನು ಹೊರಗೆ ಚಾಚಿಯೇ ಕೂತಳು. ಸಿಗ್ನಲ್ ಬಂದಲ್ಲೆಲ್ಲ ಸ್ಕೂಟರಿನವರು ಅವಳ ಫೋಟೋ ಹೊಡೆದುಕೊಂಡರು. ಒಬ್ಬ ಹೆಲ್ಮೆಟ್ ಬಿಚ್ಚಿ ನಮಸ್ಕಾರವನ್ನೂ ಮಾಡಿದ. ಪರಶುರಾಮ ಒಳಗಿನಿಂದ, "ಕೋರೆಹಲ್ಲು ಹುಷಾರ್, ಬಸ್ಸಿಗೆ ತಗಲೀತು" ಎನ್ನುತ್ತಲೇ ಇದ್ದ.

ಸಭಾಂಗಣದ ಬಾಗಿಲಲ್ಲಿ ಒಂದೇ ಪಾಸು ಕೊಟ್ಟರು. ಅದನ್ನು ಅಯ್ಯಮ್ಮ ಕೈಗೆ ತೆಗೆದುಕೊಂಡಳು. "ನೀವು ಹೋಗ್ರಿ, ನಾ ಹೆಂಗರ ಮಾಡಿ ಬರತೀನಿ" ಎಂದು ಪರಶುರಾಮ ಹೊರಗುಳಿದ.

ಮುಂದಿನ ಸಾಲಿನಲ್ಲಿ 'ಕು. ನಂದಿನಿ' ಎಂದು ಚೀಟಿ ಅಂಟಿಸಿದ್ದ ಕುರ್ಚಿ ನೋಡಿ ನಂದಿನಿ ಕೂತಳು. ಸ್ವಯಂಸೇವಕಿಯೊಬ್ಬಳು ಓಡಿ ಬಂದಳು.

"ಸರ್, ಇಲ್ಲಿ ಕೂರಬೇಡಿ. ಇದು ಪ್ರಶಸ್ತಿ ತಗೊಳ್ಳೋ ಹುಡುಗಿ ಸೀಟು."

"ನಾನೇರಿ ಆ ಹುಡುಗಿ" ಎಂದಳು ನಂದಿನಿ, ತನ್ನಿಂದಾದಷ್ಟು ಮೆಲ್ಲಗೆ. ಹಿಂದಿನ ಸಾಲುಗಳವರೆಲ್ಲ ಒಮ್ಮೆಲೇ ಇತ್ತ ನೋಡಿದರು. ಸ್ವಯಂಸೇವಕಿ ಮೀಸೆ ನೋಡಿದಳು, ಚೀಟಿ ನೋಡಿದಳು, "ಒಂದ್ನಿಮಿಷ ಸರ್" ಎಂದು ಮಹೇಶಕುಮಾರರನ್ನು ಕರೆತಂದಳು.

ಅವರು ಅವಳನ್ನು ಕಿರೀಟದಿಂದ ಗೆಜ್ಜೆಯವರೆಗೆ ನೋಡಿದರು. ಆಮೇಲೆ, "ಸಾಂಪ್ರದಾಯಿಕ ಅಂದ್ರೆ ನಾನು ಸೀರೆ ಅಂದ್ಕೊಂಡಿದ್ದೆ ಕಣಮ್ಮ" ಎಂದರು.

"ನಾ ಹೇಳಿದ್ದಿಲ್ಲೇನು" ಎಂದು ಅಯ್ಯಮ್ಮ ತನ್ನ ಸೀರೆಯ ಸೆರಗು ಸರಿಪಡಿಸಿಕೊಂಡಳು.

ಬಣ್ಣ ತೊಳೆಯಲು ಸಮಯವಿರಲಿಲ್ಲ. ಆದರೆ ಕಾರ್ಯಕ್ರಮವೂ ಶುರುವಾಗಲಿಲ್ಲ. ಪ್ರಶಸ್ತಿ ಕೊಡಬೇಕಾದ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಸಂಘ ಬೆಳೆದು ಬಂದ ದಾರಿ ಆಯಿತು. ಜನ ಮೊಬೈಲು ತೆಗೆದರು. ಮಹೇಶಕುಮಾರರು ಬಗ್ಗಿ ನಂದಿನಿಯ ಕಿವಿಯಲ್ಲಿ, "ಹೇಗೂ ವೇಷದಲ್ಲೇ ಇದ್ದೀರಿ. ಅವರು ಬರೋವರೆಗೂ ಏನಾದ್ರೂ ಮಾಡಿಬಿಡಿ" ಎಂದರು.

ನಂದಿನಿ ವೇದಿಕೆ ಹತ್ತಿದಳು. ಗೆಜ್ಜೆಗಾಲು ಅಪ್ಪಳಿಸಿ ಸುತ್ತು ಹಾಕಿದಳು. ಕೆಳಗೆ ಟೊಳ್ಳಾಗಿದ್ದ ಹಲಗೆ ನಗಾರಿಯ ಹಾಗೆ ಸದ್ದು ಮಾಡಿತು. ಮೇಜಿನ ಮೇಲಿನ ಹೂದಾನಿ ನಡೆಯುತ್ತ ನಡೆಯುತ್ತ ಅಂಚಿಗೆ ಬಂದು ಬಿತ್ತು. ಅವಳು ನಡುವೆ ಬಂದು ಗದೆ ಊರಿ ನಿಂತಳು.

ನಿಂತೇ ಇದ್ದಳು. ಕೇಳಬೇಕಾದ ಸಾರಥಿ ಗೇಟಿನ ಹೊರಗಿದ್ದ.

ಆಟ ಮುಗಿಯಿತೆಂದು ತಿಳಿದು ನಿರೂಪಕಿ ಚಪ್ಪಾಳೆ ತಟ್ಟಿದಳು. ಸಭೆಯೂ ತಟ್ಟಿತು. ರಾಕ್ಷಸ ಅಲುಗಲಿಲ್ಲ. ಚಪ್ಪಾಳೆ ಅನುಮಾನದಲ್ಲೇ ನಿಂತಿತು. ನಂದಿನಿ ಇನ್ನೊಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ನಿಂತಳು. ಮತ್ತೆ ಚಪ್ಪಾಳೆ, ಈ ಸಲ ಅಲ್ಲಲ್ಲಿ ಮಾತ್ರ. ಮಹೇಶಕುಮಾರರು ಪಕ್ಕದಿಂದ ಇಳಿದು ಬನ್ನಿ ಎಂದು ಕೈ ಮಾಡತೊಡಗಿದರು. ಬಣ್ಣದ ಕೆಳಗೆ ಅವಳ ಮುಖ ಬೆವೆತಿತು. ತಾನಾಗಿ ಹೆಸರು ಹೇಳಿಬಿಡೋಣವೇ ಎಂದುಕೊಂಡಳು. ಆದರೆ ಕಾಕಾ ಕಲಿಸಿದ್ದು ನಾಲಿಗೆ ಹಿಡಿದುಕೊಂಡಿತ್ತು. ಊರಿನ ಮೇಳದವರು ಯಾರಾದರೂ ಒಬ್ಬರಿದ್ದಿದ್ದರೆ ಎನಿಸಿ ಕಣ್ಣು ತುಂಬಿ ಬಂತು.

ಆಗ ಮುಂದಿನ ಸಾಲಿನಲ್ಲಿ ಅಯ್ಯಮ್ಮ ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡಳು.

"ಏನಪ್ಪಾ, ಆವಾಗಿಂದ ನೋಡಾಕತ್ತೀನಿ, ಗಾಣದ ಎತ್ತಿನಂಗ ಸುಮ್ನ ತಿರುಗಾಕತ್ತಿ. ಯಾರು ನೀನು? ಯಾವ ಪಟ್ಟಣದಿಂದ ಬಂದಿ? ಬಂದ ಕಾರಣೇನು?"

ಎತ್ತಿನ ಮಾತು ಅವಳದೇ. ಉಳಿದ ಮೂರು ಪ್ರಶ್ನೆಗಳು ಸಾರಥಿ ಕೇಳುವ ಕ್ರಮದಲ್ಲೇ ಇದ್ದವು. ಅಜ್ಜಿಗೆ ಇದೆಲ್ಲ ಬರುತ್ತದೆಂದು ನಂದಿನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅವಳು ಗದೆ ಎತ್ತಿದಳು.

"ಎಲೈ ಸಾರಥಿಯೇ ಕೇಳು. ಪಾತಾಳವನ್ನೇ ಪಟ್ಟಣ ಮಾಡಿಕೊಂಡು, ಅಷ್ಟದಿಕ್ಕುಗಳನ್ನು ನಡುಗಿಸುವ ಖಡ್ಗದಂತಾಸುರನೆಂದರೆ ನಾನೇ ಅಲ್ಲವೇ."

ಮೈಕಿನವನು ಓಡಿ ಹೋಗಿ ಗುಂಡಿ ತಿರುಗಿಸಿ ದನಿ ಇಳಿಸಿದ. ಇಳಿಯಲಿಲ್ಲ, ಅವಳು ಮೈಕಿನಿಂದ ಬಹಳ ದೂರ ನಿಂತಿದ್ದಳು. ಸಭೆಯ ಮೊಬೈಲುಗಳೆಲ್ಲ ಮೇಲೆದ್ದವು. ಅದೇ ಹೊತ್ತಿಗೆ ಹಿಂದಿನ ಬಾಗಿಲು ತೆರೆದು, ಬಿಳಿ ಜುಬ್ಬದ ಹಿರಿಯರೊಬ್ಬರು ಕೈ ಮುಗಿಯುತ್ತ ಒಳಗೆ ಬಂದರು. ನಂದಿನಿಗೆ ಅವರು ಯಾರೆಂದು ತಿಳಿಯದು. ಆಟದ ನಡುವೆ ಎದ್ದು ಓಡಾಡುವವರನ್ನು ಊರಿನಲ್ಲಿ ವಿಚಾರಿಸಿಕೊಳ್ಳುವ ಹಾಗೆಯೇ ವಿಚಾರಿಸಿಕೊಂಡಳು.

"ಯಾರವನು, ನನ್ನ ಅಪ್ಪಣೆಯಿಲ್ಲದೆ ನನ್ನ ಸಭೆಯನ್ನು ಹೊಕ್ಕವನು?"

ಮುಖ್ಯ ಅತಿಥಿಗಳು ಇದ್ದಲ್ಲೇ ನಿಂತರು. "ಕ್ಷಮಿಸಿ, ಟ್ರಾಫಿಕ್ಕು" ಎಂದರು.

ಸಭೆ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಿತು. ಅಯ್ಯಮ್ಮ ನಗಲಿಲ್ಲ, ಸಾರಥಿ ನಗುವಂತಿಲ್ಲ. "ಬಿಡಪ್ಪಾ ರಾಕ್ಷಸಾ, ವಯಸ್ಸಾದ ಮನುಷ್ಯಾ ಅದಾನ. ಬಂದು ಕುಂದರಲಿ" ಎಂದಳು. ರಾಕ್ಷಸ ಯೋಚಿಸಿ ಅಪ್ಪಣೆ ಕೊಟ್ಟ. ಅತಿಥಿಗಳು ನಿಜವಾಗಿಯೂ ತಲೆ ಬಾಗಿಸಿಕೊಂಡು ಬಂದು ಕೂತರು.

ಪ್ರಶಸ್ತಿ ಕೊಡುವಾಗ ನಿರೂಪಕಿ ಮೊದಲೇ ಬರೆದಿಟ್ಟುಕೊಂಡಿದ್ದ "ಮೃದುಭಾಷಿಯಾದ ಈ ಯುವತಿ" ಎಂಬ ಸಾಲನ್ನು ಓದಲು ಹೋಗಿ, ಒಮ್ಮೆ ನಂದಿನಿಯ ಕಡೆ ನೋಡಿ, ಮುಂದಿನ ಸಾಲಿಗೆ ದಾಟಿದಳು. ಶಾಲು ಭುಜಕೀರ್ತಿಯ ಮೇಲೆ ನಿಲ್ಲದೆ ಜಾರಿ ಜಾರಿ ಬಿತ್ತು. ಪೇಟ ಹಿಡಿದ ಅತಿಥಿಗಳು ಕಿರೀಟದ ಸುತ್ತ ಜಾಗ ಹುಡುಕಿ, ಸಿಗದೆ, ಕೊನೆಗೆ ಕೆಳಗಿಳಿದು ಬಂದು ಅದನ್ನು ಅಯ್ಯಮ್ಮನ ತಲೆಗೆ ತೊಡಿಸಿದರು. ಅಷ್ಟರಲ್ಲಿ ಅಡುಗೆಯವರ ಜೊತೆ ಸೇರಿ, ಪಲಾವಿನ ಪಾತ್ರೆಯ ಒಂದು ಕಿವಿ ಹಿಡಿದುಕೊಂಡು ಪರಶುರಾಮ ಒಳಗೆ ಬಂದ. ತನ್ನ ತಾಯಿ ಪೇಟ ತೊಟ್ಟು ನಿಂತದ್ದು ನೋಡಿ ಪಾತ್ರೆ ಕೆಳಗಿಡುವುದನ್ನೇ ಮರೆತ.

"ಏನಾತು?" ಎಂದು ಕೇಳಿದ.

"ನೀ ಬರೂದು ಲೇಟಾತು. ನಿನ್ನ ಕೆಲಸ ಮಾಡಿದೆ" ಎಂದಳು ಅಯ್ಯಮ್ಮ.

ಮರುದಿನ ಯಾದಗಿರಿಯಲ್ಲಿ ಇಳಿದಾಗ ನಂದಿನಿಯ ದನಿ ಪೂರ್ತಿ ಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಶಹಾಪುರದ ಬಸ್ಸಿನಲ್ಲಿ ಕಂಡಕ್ಟರ್ ಮೈನುದ್ದೀನ, ತಲೆಯ ಮೇಲಿನ ಪೇಟ ಇನ್ನೂ ತೆಗೆಯದ ಅಯ್ಯಮ್ಮನನ್ನು ನೋಡಿ, "ಏನ್ ಆಯಿ, ಯಾರದರೇ ಮದುವಿಗೆ ಹೋಗಿದ್ದಿರೇನು?" ಎಂದ. ಅಷ್ಟೇ ಸಾಕಾಯಿತು, ಅಯ್ಯಮ್ಮ ಹೇಳತೊಡಗಿದಳು.

ಭೀಮಾ ಸೇತುವೆ ದಾಟುವುದರೊಳಗೆ ಅಯ್ಯಮ್ಮ ವೇದಿಕೆ ಹತ್ತಿದ್ದಳು. ದೋರನಹಳ್ಳಿ ಬರುವ ಹೊತ್ತಿಗೆ ಬೆಂಗಳೂರಿನ ದೊಡ್ಡ ಮನುಷ್ಯ ಅವಳ ಪ್ರಶ್ನೆಗೆ ಉತ್ತರ ಹೇಳಲಾರದೆ ಗಡಗಡ ನಡುಗಿದ್ದ. ನಂದಿನಿ ತೋಳು ಜಗ್ಗಿ, ಹಾಗಲ್ಲ ಎಂದು ತಲೆಯಾಡಿಸಿದಳು. "ನೋಡ್ರಿ, ಅಕಿನೂ ಹೌದು ಅನ್ನಾಕತ್ತಾಳ" ಎಂದು ಅಯ್ಯಮ್ಮ ಮುಂದುವರಿಸಿದಳು. ಹಿಂದಿನ ಸೀಟಿನವರು ಎದ್ದು ಮುಂದೆ ಬಂದರು. ಪರಶುರಾಮ ಖಟಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಕೇಳಿಸದವನಂತೆ ಹೊರಗಿನ ಭತ್ತದ ಗದ್ದೆ ನೋಡುತ್ತ ಕೂತ.

ಮೈನುದ್ದೀನ ಟಿಕೀಟು ಕೊಡುವುದು ಬಿಟ್ಟು ಕೇಳಿದ. "ಅದೆಲ್ಲಾ ಬರೋಬರಿ ಆಯಿ. ಮತ್ತ ಪ್ರಶಸ್ತಿ ಯಾರಿಗೆ ಕೊಟ್ಟರು?"

ಅಯ್ಯಮ್ಮ ಮೊಮ್ಮಗಳ ತಲೆ ಸವರಿದಳು. ಕಿವಿಯ ಹಿಂದೆ ಇನ್ನೂ ಉಳಿದಿದ್ದ ಕೆಂಪು ಬಣ್ಣವನ್ನು ಸೆರಗಿನಿಂದ ಒರೆಸಿದಳು.

"ಈಕಿಗೇ ಕೊಟ್ಟರು" ಎಂದಳು. "ಸಣ್ಣ ಹುಡುಗಿ ಅದಾಳ, ಮನಸಿಗೆ ಬೇಜಾರ ಆಗಬಾರದು ನೋಡು."