ಖಾಲಿ ಬೇರೆ, ಸೊನ್ನೆ ಬೇರೆ

ಬೆಳಗಿನ ಐದೂವರೆ. ರಕ್ತನಿಧಿಯ ನೆಲಮಹಡಿಯ ಕೋಣೆಯಲ್ಲಿ ದೀಪ ಹಾಕಿ, ಚಪ್ಪಲಿಯನ್ನು ಮೇಜಿನಡಿಗೆ ತಳ್ಳಿ, ಫೋನಕ್ಕ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಹದಿನಾಲ್ಕು ಆಸ್ಪತ್ರೆಗಳ ಕಂಪ್ಯೂಟರುಗಳು ತಮ್ಮಲ್ಲಿ ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ ಎಂಬ ಪಟ್ಟಿಯನ್ನು ಇಲ್ಲಿಗೆ ಕಳಿಸುವ ಹೊತ್ತಿದು. ಹದಿಮೂರು ಪಟ್ಟಿಗಳು ತಂಟೆತಕರಾರಿಲ್ಲದೆ ಒಳಗೆ ಬರುತ್ತವೆ. ಹದಿನಾಲ್ಕನೆಯದು ಕೆಂಪಾಗಿ ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಅಂಕಿ ಇರಬೇಕಾದ ಒಂದು ಮನೆ ಖಾಲಿ. ಅವರು ಫೋನ್ ಎತ್ತಿಕೊಳ್ಳುತ್ತಾರೆ.

"ಸಿಸ್ಟರ್, ಓ ನೆಗೆಟಿವ್ ಎದುರಿಗೆ ಏನೂ ಹಾಕಿಲ್ವಲ್ಲಮ್ಮ. ಇಲ್ವೇ ಇಲ್ವಾ, ಇಲ್ಲಾ ಇನ್ನೂ ಎಣಿಸಿಲ್ವಾ?"

"ಎಣಿಸಿಲ್ಲ ಅಕ್ಕ. ಫ್ರಿಜ್ ಹತ್ರಾನೇ ಹೋಗ್ತಿದೀನಿ."

"ನಿಧಾನಕ್ಕೆ ಎಣಿಸಿ. ನಾನು ಲೈನಲ್ಲೇ ಇರ್ತೀನಿ."

ಆರು ಚೀಲ. ಪಟ್ಟಿ ಹಸಿರಾಗುತ್ತದೆ. ಆರೂವರೆಗೆ ಹೊರಡುವ ವ್ಯಾನ್ ಎಲ್ಲಿಗೆ ಎಷ್ಟು ರಕ್ತ ಒಯ್ಯಬೇಕೆಂದು ಕಂಪ್ಯೂಟರ್ ತೀರ್ಮಾನಿಸುವುದು ಈ ಪಟ್ಟಿಗಳನ್ನು ನೋಡಿಯೇ.

ಹತ್ತೊಂಬತ್ತು ವರ್ಷದ ಹಿಂದೆ ಇವರು ಇಲ್ಲಿಗೆ ಬಂದದ್ದು ಕಾಗದಪತ್ರ ಟೈಪ್ ಮಾಡಲು. ಕಂಪ್ಯೂಟರುಗಳು ಮಾತಾಡಿಕೊಳ್ಳಲು ಶುರುಮಾಡಿದಾಗ, ಅವುಗಳ ಮಾತು ನಿಂತಲ್ಲೆಲ್ಲ ಮಾತಾಡುವ ಕೆಲಸ ಇವರ ಕೊರಳಿಗೆ ಬಿತ್ತು; ಜೊತೆಗೆ ಫೋನಕ್ಕ ಎಂಬ ಹೆಸರೂ. ದಿನಕ್ಕೆ ಮೂರೋ ನಾಲ್ಕೋ ಪಟ್ಟಿ ನಿಲ್ಲುತ್ತವೆ, ವಾರದ ಕೊನೆಗೆ ಏಳೆಂಟು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವರ ಯಜಮಾನರದ್ದು ಒಂದೇ ದೂರು: "ಅಷ್ಟೂ ಸಿಸ್ಟರ್‌ಗಳ ದನಿ ಇವಳಿಗೆ ಗೊತ್ತು. ನಾನು ಫೋನ್ ಮಾಡಿದ್ರೆ ಮಾತ್ರ ಯಾರು ಮಾತಾಡೋದು ಅಂತಾಳೆ."

ಒಂದು ಸೊನ್ನೆ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎಂದು, ಇವರನ್ನು ಕುರಿತು ಬರೆಯಲು ಬಂದಿದ್ದ ನಾನೂ ಪೆದ್ದನಂತೆ ಕೇಳಿದೆ.

"ಆರು ವರ್ಷದ ಹಿಂದೆ ಒತ್ತಿದ್ದೆ," ಎಂದರು. ಅಂದು ಒಂದು ಆಸ್ಪತ್ರೆಯಲ್ಲಿ ಫೋನ್ ಯಾರೂ ಎತ್ತಲಿಲ್ಲ, ವ್ಯಾನ್ ಕಾಯುತ್ತಿತ್ತು. ಸೊನ್ನೆ ಕಂಡ ಕಂಪ್ಯೂಟರ್ ಇಲ್ಲಿದ್ದ ಆ ಗುಂಪಿನ ನಾಲ್ಕು ಚೀಲವನ್ನೂ ಅಲ್ಲಿಗೇ ಕಳಿಸಿತು. ಅಲ್ಲಿಯ ಫ್ರಿಜ್ಜಿನಲ್ಲಿ ಎಣಿಸದೆ ಉಳಿದ ಒಂಬತ್ತು ಚೀಲಗಳಿದ್ದವು. ಇನ್ನೊಂದು ಆಸ್ಪತ್ರೆಯಲ್ಲಿ ಆಗತಾನೆ ಹೆತ್ತ ತಾಯಿಯೊಬ್ಬಳು ಅದೇ ರಕ್ತಕ್ಕಾಗಿ ಎರಡೂವರೆ ತಾಸು ಕಾದಳು. ಬದುಕಿದಳು. "ಪಟ್ಟೀಲಿ ತಪ್ಪು ಯಾರಿಗೂ ಕಾಣಿಸ್ಲಿಲ್ಲ, ಸೊನ್ನೆ ಅಷ್ಟು ಅಚ್ಚುಕಟ್ಟಾಗಿ ಕೂತಿತ್ತು. ನಾನೇ ಹೋಗಿ ಮೇಲಿನವರಿಗೆ ಹೇಳ್ದೆ. ಅವತ್ತಿಂದ ಇನ್ನೊಬ್ಬರ ಪಟ್ಟೀಲಿ ಒಂದು ಅಂಕಿನೂ ಊಹೆ ಮೇಲೆ ಹಾಕಿಲ್ಲ."

ಈಗ ಹೊಸ ವೆಬ್ ಸರ್ವಿಸ್ ಬರುತ್ತಿದೆ. ಒಂದು ಕಂಪ್ಯೂಟರ್ ಕೇಳಿದರೆ ಇನ್ನೊಂದು ಆ ಕ್ಷಣವೇ ಉತ್ತರಿಸುವ ಏರ್ಪಾಡು. ಯಾವ ಪಟ್ಟಿಯೂ ನಿಲ್ಲಬಾರದೆಂದು, ಖಾಲಿ ಬಂದಲ್ಲೆಲ್ಲ ತಾನಾಗಿಯೇ ಸೊನ್ನೆ ತುಂಬುವಂತೆ ಮಾಡಿದ್ದರು. ಒಪ್ಪಿಗೆಯ ಹಾಳೆಗೆ ಫೋನಕ್ಕ ಜಪ್ಪಯ್ಯ ಅಂದರೂ ಸಹಿ ಹಾಕಲಿಲ್ಲ. ಶುರುವಾಗಲು ಉಳಿದದ್ದು ಮೂರೇ ದಿನ. ಮೇಲಿನವರು ಮುಖ ಗಂಟಿಕ್ಕಿಕೊಂಡರು. ಅದನ್ನು ಬರೆದ ಪ್ರೋಗ್ರಾಮರ್, ನಲವತ್ತು ದಾಟಿದ ಮೃದು ಮಾತಿನ ಮನುಷ್ಯ, ಮನವೊಲಿಸಲು ಬಂದರು. ಅವರನ್ನು ಇವರು ನೇರ ಶೀತಲ ಕೋಣೆಗೆ ಕರೆದೊಯ್ದರು. ಹಿಂದೆ ನಾನು.

"ಈ ಫ್ರಿಜ್ಜಲ್ಲಿ ಎಷ್ಟಿದೆ ಹೇಳಿ ಸರ್."

"ಬಾಗಿಲು ತೆಗೀದೆ ಹೇಗೆ ಹೇಳೋದು? ಗೊತ್ತಿಲ್ಲ."

"ಸೊನ್ನೆ ಅಂತ ಯಾಕೆ ಹೇಳ್ಲಿಲ್ಲ?"

ಪ್ರೋಗ್ರಾಮರ್ ಜೇಬಿನಿಂದ ಚೀಟಿ ತೆಗೆದು ಏನೋ ಗೀಚಿಕೊಂಡರು. ನನಗಂತೂ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು.

ಗುರುವಾರ ಬೆಳಿಗ್ಗೆ ಹೊಸ ಏರ್ಪಾಡಿನ ಮೊದಲ ದಿನ. ನಾವು ಮೂವರೂ ಕಣ್ಣು ಮಿಟುಕಿಸದೆ ಕೂತಿದ್ದೇವೆ. ಐದು ನಲವತ್ತಕ್ಕೆ ಒಂದು ಮನೆ ಖಾಲಿ ಬರುತ್ತದೆ. ಕೆಂಪಾಗುವುದಿಲ್ಲ, ಸೊನ್ನೆಯೂ ಆಗುವುದಿಲ್ಲ. 'ಎಣಿಸಿಲ್ಲ' ಎಂಬ ಪದ ಮೂಡುತ್ತದೆ. ಸರ್ವಿಸ್ ತಾನೇ ಆ ಆಸ್ಪತ್ರೆಯ ಕಂಪ್ಯೂಟರಿಗೆ ಪ್ರಶ್ನೆ ಕಳಿಸುತ್ತದೆ. ಉತ್ತರ ಬರುವವರೆಗೆ ಆ ಗುಂಪಿನ ರಕ್ತವನ್ನು ಯಾರಿಗೂ ಹಂಚುವುದಿಲ್ಲ. ನಾಲ್ಕು ನಿಮಿಷ. ಎಂಟು ಚೀಲ ಎಂದು ಅಲ್ಲಿಯ ಸಿಸ್ಟರ್ ಎಣಿಸಿ ಹಾಕಿದ ಉತ್ತರ ಬರುತ್ತದೆ. ಫೋನಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಹಾಗಾದರೆ ನಿಮ್ಮ ಕೆಲಸ? ಎನ್ನುತ್ತೇನೆ. "ಇನ್ನೂ ಇಪ್ಪತ್ತೆರಡು ಸಣ್ಣ ಆಸ್ಪತ್ರೆಗಳು ಇದಕ್ಕೆ ಸೇರೇ ಇಲ್ಲ. ಅವರಿಗೆಲ್ಲ ಕಲಿಸ್ಬೇಕು. ರಿಟೈರ್ ಆಗೋಷ್ಟರಲ್ಲಿ ಅವರೂ ಸೇರ್ಕೊಂಡ್ರೆ ಸಾಕು."

ಪಟ್ಟಿ ಹೇಗಿರಬೇಕೆಂದು ಹೇಳುವ ನಿಯಮಗಳಲ್ಲಿ ಮೂವತ್ತೊಂದನೆಯದು ಈಗ ಹೀಗಿದೆ: 'ಖಾಲಿ ಇದ್ದುದನ್ನು ಸೊನ್ನೆ ಎಂದು ಓದಬಾರದು.' ಸೂಚಿಸಿದವರು ಎಂದು ಅದರ ಕೆಳಗೆ ಇವರ ಹೆಸರು ಹಾಕಲೇ ಎಂದು ಪ್ರೋಗ್ರಾಮರ್ ಕೇಳಿದರಂತೆ. ಇವರು ಬೇಡ ಎಂದಿದ್ದಾರೆ.

"ಹೆಸರು ಯಾಕೆ ಸರ್? ಹದಿನಾಲ್ಕು ಆಸ್ಪತ್ರೆ ಕಂಪ್ಯೂಟರೂ ದಿನಾ ನನ್ನ ಮಾತು ಕೇಳ್ತಿವೆ. ನಮ್ಮನೇಲಿ ಒಬ್ರೂ ಕೇಳಲ್ಲ."